ರಾದೋಯ್ಕೊಗೆ ಏಳು ಹೂವು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಹೂವು.

ಟೋಪಿ ಹೊಲಿಯುವ ವುಕೋಮಾನ್ ಊರವರ ಜೊತೆ ಸೆರ್ಬಿಯಾದಿಂದ ರೈಲು, ಹಡಗು ಹತ್ತಿಳಿದು ಕೋರ್ಫು ದ್ವೀಪಕ್ಕೆ ಬಂದಿದ್ದ. ಮಹಾಯುದ್ಧದಲ್ಲಿ ಹಿಮದ ಬೆಟ್ಟ ದಾಟಿ ಇಲ್ಲಿಗೆ ಬಂದ ಸೈನಿಕರು ಹಸಿವಿಗೂ ಜ್ವರಕ್ಕೂ ಸತ್ತಿದ್ದರು. ಪಕ್ಕದ ವೀದೊ ದ್ವೀಪದಲ್ಲಿ ಹೂಳಲು ಜಾಗ ಸಾಲದೆ ಹೆಣಗಳನ್ನು ಸಮುದ್ರಕ್ಕೇ ಬಿಟ್ಟಿದ್ದರು. ಇಪ್ಪತ್ತೆರಡು ವರ್ಷದ ಮೇಲೆ ಅಲ್ಲೀಗ ಸ್ಮಾರಕ ಎದ್ದಿತ್ತು. ವುಕೋಮಾನನ ಅಣ್ಣ ರಾದೋಯ್ಕೊ ಆ ಸೈನ್ಯದಲ್ಲಿ ಹೋದವನು. ಅವನೂ ಬರಲಿಲ್ಲ, ಅವನು ಸತ್ತ ಸುದ್ದಿಯೂ ಬರಲಿಲ್ಲ.

ದೋಣಿ ದ್ವೀಪದತ್ತ ಹೊರಟದ್ದೇ ತಡ, ಕ್ಷೌರದ ಒಬ್ರಾದ್ ವುಕೋಮಾನನ ಕೈಯಲ್ಲಿದ್ದ ಹಳದಿ ಒಣಹೂಗಳನ್ನು ಎಣಿಸಿಬಿಟ್ಟ. ಗಿರಾಕಿಯ ತಲೆಯ ನರೆಗೂದಲನ್ನೂ ಎಣಿಸುವ ಕಣ್ಣು ಅದು.

“ಏಳಾ? ಲೋ, ಬದುಕಿರೋರಿಗೆ ಬೆಸ, ಸತ್ತೋರಿಗೆ ಸಮ. ಇಷ್ಟೂ ಗೊತ್ತಿಲ್ವೇನೋ?”

“ಗೊತ್ತು ಒಬ್ರಾದಣ್ಣ. ಅಮ್ಮನೇ ಎಣಿಸಿ ಕೊಟ್ಟಿದಾಳೆ. ಅವಳ ಪಾಲಿಗೆ ಅಣ್ಣ ಬದುಕಿದಾನೆ.”

“ಬದುಕಿರೋನಿಗೆ ಸಮುದ್ರದಲ್ಲಿ ಯಾಕಯ್ಯ ಹೂವು?”

ವುಕೋಮಾನ್ ಹೂಗಳನ್ನು ಎದೆಗೊತ್ತಿಕೊಂಡ. ನಿಜ ಹೇಳಬೇಕೆಂದರೆ ಅಣ್ಣ ಬರುತ್ತಾನೆಂದು ಅವನೂ ನಂಬಿರಲಿಲ್ಲ. ಆದರೆ ಅಮ್ಮ ನಂಬಿದ್ದಳಲ್ಲ. ಅವಳಿಗೆ ಮಾತು ಕೊಟ್ಟು ಬಂದಿದ್ದ.

“ನಮ್ಮಪ್ಪನೂ ಇಲ್ಲೇ ಇರೋದು. ಅವಮಾನ ಮಾಡ್ಬೇಡ, ಒಂದು ತೆಗಿ!” ಎಂದು ಒಬ್ರಾದ್ ಕೈ ಹಾಕಿದ. ಎಳೆದಾಟದಲ್ಲಿ ಒಂದು ಹೂವು ಹಾರಿ ನೀರಿಗೆ ಬಿತ್ತು. ಉಳಿದದ್ದು ಆರು. ದೋಣಿಯವರೆಲ್ಲ ಸಮಾಧಾನದ ಉಸಿರು ಬಿಟ್ಟರು. ವುಕೋಮಾನ್ ಮಾತ್ರ ಗಾಬರಿಯಲ್ಲಿ ಇನ್ನೊಂದನ್ನು ಕಿತ್ತು ಬಾಯಿಗೆ ತುರುಕಿಕೊಂಡು ಗಸಗಸ ಅಗಿದ. ಐದಾಯಿತು.

“ಹೂವು ತಿಂದ! ಪಾದ್ರಿಗಳೇ, ಇವನು ಸತ್ತೋರ ಹೂವು ತಿಂದ!”

ಪಾದ್ರಿ ಏನೂ ತೋಚದೆ ಶಿಲುಬೆಯ ಗುರುತು ಮಾಡಿಕೊಂಡರು. ಊರಿಗೆಲ್ಲ ಬುದ್ಧಿ ಹೇಳುವ ಪಕ್ಕದ ಮನೆಯ ಸ್ತಾಮೆನ್ಕಕ್ಕ ಅವತ್ತು ಯಾಕೋ ತುಟಿ ಬಿಚ್ಚಲಿಲ್ಲ. ಸೆರಗಂಚಿನಂತೆ ಇಳಿಬಿದ್ದಿದ್ದ ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡಳು, ಅಷ್ಟೇ.

ಸ್ಮಾರಕದೊಳಗೆ ವುಕೋಮಾನ್ ಗೋಡೆಯ ಹೆಸರುಗಳನ್ನೆಲ್ಲ ಓದಿದ. ಹಿಂದಿನಿಂದ ಯಾರೋ ಪುಣ್ಯಾತ್ಗಿತ್ತಿ ಅವನ ಕಂಕುಳಿಗೆ ಒಂದು ಕೆಂಪು ಹೂವು ಸಿಕ್ಕಿಸಿದಳು, ಮತ್ತೆ ಆರು. ಅದನ್ನು ಕಿತ್ತು ಒಬ್ರಾದನ ಟೋಪಿಗೇ ಸಿಕ್ಕಿಸಿದ. ಗೋಡೆಯಲ್ಲಿ ರಾದೋಯ್ಕೊನ ಹೆಸರಿರಲಿಲ್ಲ. ನಂಬಿಕೆಯಿಲ್ಲದ ಅವನಿಗೂ ಯಾಕೋ ಎದೆ ಹಗುರಾಯಿತು.

ವಾಪಸು ಬರುವಾಗ ದೋಣಿ ನಡುನೀರಲ್ಲಿ ನಿಂತಿತು. ಪಾದ್ರಿ ಪ್ರಾರ್ಥನೆ ಮುಗಿಸಿದರು. ವುಕೋಮಾನ್ ಒಂದೊಂದಾಗಿ ಐದು ಹೂವು ಬಿಟ್ಟ. ಗೆದ್ದೆ ಎಂದುಕೊಂಡು ತಿರುಗುವಷ್ಟರಲ್ಲಿ ಆರನೆಯದು ಬಂದು ನೀರಿಗೆ ಬಿತ್ತು. ಹಳದಿ ಒಣಹೂವು, ಅವನ ಹಿತ್ತಲಿನದೇ.

ಹಾಕಿದವಳು ಸ್ತಾಮೆನ್ಕಕ್ಕ.

“ನೀನೂನಾ ಅಕ್ಕ? ಅಮ್ಮನಿಗೆ ಯಾವ ಮುಖ ತೋರಿಸ್ತೀಯ?”

ಅವಳ ಕಣ್ಣಿಂದ ದಳದಳ ನೀರಿಳಿಯಿತು. “ನಿಮ್ಮಮ್ಮನೇ ಕೊಟ್ಟಿದ್ದು ಕಣೋ. ಎಂಟು ಕಿತ್ತಿದ್ಲು. ಏಳು ನಿನಗೆ, ಒಂದು ನನಗೆ. ‘ಅಣ್ಣ ಬರ್ತಾನೆ ಅಂತ ಅವನು ಇನ್ನೂ ನಂಬ್ಕೊಂಡಿದಾನೆ. ಅವನ ಮನಸ್ಸು ನೋಯಿಸ್ಬೇಡ, ಅವನು ಆ ಕಡೆ ನೋಡ್ತಿರುವಾಗ ಹಾಕಿಬಿಡು’ ಅಂದ್ಲು. ಒಬ್ರಾದ ಒಂದು ಬೀಳಿಸಿ, ನೀನೊಂದು ತಿಂದು... ಲೆಕ್ಕ ತಪ್ಪಿತೇನೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು.”

ಒಬ್ರಾದ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ತಾನು ಇಷ್ಟು ವರ್ಷವೂ ಅಮ್ಮನ ನಂಬಿಕೆಯನ್ನೇ ನೆಚ್ಚಿಕೊಂಡಿದ್ದೆ ಎಂದು ವುಕೋಮಾನನಿಗೆ ಆಗ ಗೊತ್ತಾಯಿತು. ಮೂವತ್ತನಾಲ್ಕು ವರ್ಷದ ಗಂಡಸು, ನಾಚಿಕೆ ಬಿಟ್ಟು ಅತ್ತ. ಅಣ್ಣ ಸತ್ತದ್ದು ಅವನಿಗೆ ಅವತ್ತೇ.

ದಡ ಹತ್ತಿರವಾದಾಗ ಸ್ತಾಮೆನ್ಕಕ್ಕ ಮೆಲ್ಲಗೆ ಕೇಳಿದಳು:

“ಊರಿಗೆ ಹೋದ್ಮೇಲೆ ನಿಮ್ಮಮ್ಮನಿಗೆ ಏನಂತ ಹೇಳ್ಲೋ?”

ವುಕೋಮಾನ್ ಮುಖ ಒರೆಸಿಕೊಂಡ.

“ಅವನು ನೋಡ್ಲಿಲ್ಲ ಅಂತ ಹೇಳಕ್ಕ.”