ಹಳೇಬೀಡಿನಲ್ಲಿ ಸಿಕ್ಕಿಬಿದ್ದ ನಮ್ಮ ನಂಬರು

ನನ್ನ ತಮ್ಮ ಮಂಜು ಹೋಗುವ ಹಿಂದಿನ ದಿನ ಭಾನುವಾರ. ಅಂದು ವಿಶೇಷವೇನೂ ನಡೆಯಲಿಲ್ಲ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿದ್ದ ತನ್ನ ಬ್ರೌಸಿಂಗ್ ಸೆಂಟರಿನಲ್ಲಿ ಅವನು ಹಳೆಯ ಬನಿಯನ್ನಿನಿಂದ ಕಂಪ್ಯೂಟರುಗಳ ಮುಖ ಒರೆಸುತ್ತಿದ್ದ. ನಾನು ಕಾಲ ಮೇಲೆ ಕಾಲು ಹಾಕಿ ಕೂತು ಖಾರ ಮಂಡಕ್ಕಿ ತಿನ್ನುತ್ತಿದ್ದೆ. ಅವನು ಪ್ರತಿಯೊಂದು ಕಂಪ್ಯೂಟರಿನ ಹಣೆಯ ಮೇಲೂ ಒಂದು ಚೀಟಿ ಅಂಟಿಸಿದ್ದ. ಚೀಟಿಯಲ್ಲಿ ಉದ್ದನೆಯ ನಂಬರು.

"ಇದನ್ನ ಐಪಿ ಅಡ್ರೆಸ್ ಅಂತಾರೆ. ಸ್ವಲ್ಪ ಈ ಕಡೆ ನೋಡು, ಹೇಳ್ಕೊಡ್ತೀನಿ" ಎಂದ.

"ಕಾಯಿ ಅಲ್ಲಾಡಿಸಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ವೋ ಹೇಳೋನು ಕಣೋ ನಾನು. ನಿನ್ನ ಡಬ್ಬಾ ಯಾವ ಲೆಕ್ಕ!" ಎಂದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಮಂಡಕ್ಕಿ ಮುಗಿಸಿದೆ.

ಸೋಮವಾರ ಬೆಳಿಗ್ಗೆ ಅವನಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಬರೆಯಲು ಬರುವುದೂ ಇಲ್ಲ.

ತಿಥಿ ಮುಗಿದ ಮೇಲೆ ಕಟ್ಟಡದ ಮಾಲೀಕರು ಬಂದು ಬಹಳ ಮರ್ಯಾದೆಯಿಂದ ಮಾತಾಡಿದರು. "ಪಿಯುಸಿ ರಿಸಲ್ಟ್ ತನಕ ನೋಡಿ. ನಡೆದ್ರೆ ನಡೆಸಿ. ಇಲ್ಲಾಂದ್ರೆ ಬಟ್ಟೆ ಅಂಗಡಿಯವರು ಕೇಳ್ತಾವ್ರೆ." ತಮ್ಮನಿಗೆ ಹೆಂಡತಿ ಮಕ್ಕಳಿರಲಿಲ್ಲ. ಅವನದು ಅಂತ ಉಳಿದಿದ್ದು ಆ ಅಂಗಡಿ ಒಂದೇ. ಅದರಲ್ಲಿ ಸೀರೆ ನೇತಾಡುವುದನ್ನು ನೋಡಲು ನನಗೆ ಮನಸ್ಸಾಗಲಿಲ್ಲ. ಕೊಬ್ಬರಿ ಮಂಡಿಯ ಗುಮಾಸ್ತನಾದ ನಾನು ಮಧ್ಯಾಹ್ನದವರೆಗೆ ಮಂಡಿ, ಆಮೇಲೆ ಇಂಟರ್ನೆಟ್ಟು ಎಂದು ಘೋಷಿಸಿದೆ.

"ನಿಮಗೆ ಅದು ಬರುತ್ತಾ?" ಎಂದಳು ನನ್ನ ಹೆಂಡತಿ ಸರೋಜ.

"ಬರೋದೇನಿದೆ? ಸ್ವಿಚ್ ಹಾಕಿದ್ರೆ ಅದೇ ಬರುತ್ತೆ!"

ಮೊದಲ ವಾರ ಅದೇ ಬಂತು. ಎರಡನೇ ವಾರ ಐದನೇ ಕಂಪ್ಯೂಟರು ಮುಷ್ಕರ ಹೂಡಿತು. ಏನು ಮಾಡಿದರೂ ಒಂದು ಪುಟವೂ ಪೂರ್ತಿ ತೆರೆಯದು. ಆದರೆ ಮಂಜು ತಾನೇ ಕೂರುತ್ತಿದ್ದ ಎರಡನೆಯದು ಮಾತ್ರ ಕುದುರೆಯಂತೆ ಓಡುತ್ತಿತ್ತು. ನಾನು ಎರಡರ ಚೀಟಿಗಳನ್ನೂ ತನಿಖೆ ಮಾಡಿದೆ. ಎರಡನೆಯದರ ನಂಬರು 192.168.1.2. ಐದನೆಯದರ ಕೊನೆಯಲ್ಲಿ ಮಾತ್ರ ಐದು. ದೋಷ ಅಲ್ಲೇ ಇದೆ ಎಂದು ನನಗೆ ಖಾತ್ರಿಯಾಯಿತು.

ನನ್ನ ತರ್ಕವನ್ನು ಓದುಗರು ದಯವಿಟ್ಟು ಸಹಾನುಭೂತಿಯಿಂದ ಕೇಳಬೇಕು. ನಮ್ಮ ಮಂಡಿಯಲ್ಲಿ ಪ್ರತಿ ಕೊಬ್ಬರಿ ಚೀಲದ ಮೇಲೂ ನಮ್ಮ ಗುರುತು ಒತ್ತುತ್ತೇವೆ. ನಮ್ಮ ಚೀಲಗಳಿಗೆಲ್ಲ ಒಂದೇ ಗುರುತು. ನಮ್ಮ ಗುರುತು ಬೇರೆಯವರ ಚೀಲದ ಮೇಲೆ ಕಂಡರೆ ಅದು ಕಳ್ಳತನ. ಮಂಡಿಯಲ್ಲಿ ಕೂದಲು ನರೆತವನಿಗೆ ಇದಕ್ಕಿಂತ ಸ್ಪಷ್ಟವಾದ ಕಾನೂನು ಬೇರೆ ಇಲ್ಲ. ಹಾಗಾಗಿ ಮಂಜು ಮಾಡುತ್ತಿದ್ದುದನ್ನು ನೆನಪಿಸಿಕೊಂಡು, ಅಲ್ಲಿ ಒತ್ತಿ ಇಲ್ಲಿ ಒತ್ತಿ, ಐದನೆಯದಕ್ಕೂ ತಮ್ಮನ ಒಳ್ಳೆಯ ನಂಬರನ್ನೇ ಹಾಕಿದೆ. ಒಂದೇ ಮಂಡಿ, ಒಂದೇ ಗುರುತು!

ಆಮೇಲೆ ಶುರುವಾಯಿತು. ಎರಡನೆಯದು ಎದ್ದರೆ ಐದನೆಯದು ಮಲಗುತ್ತಿತ್ತು. ಐದನೆಯದನ್ನು ಎಬ್ಬಿಸಿದರೆ ಎರಡನೆಯದಕ್ಕೆ ಜ್ವರ. ತೆರೆಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಏನೋ ದೂರು ಕಾಣಿಸಿಕೊಳ್ಳುತ್ತಿತ್ತು. ಪಿಯುಸಿ ಓದಿದ್ದ ಸರೋಜಳನ್ನು ಕರೆತಂದು ಓದಿಸಿದೆ.

"ನಿಮ್ಮ ನಂಬರನ್ನ ನೆಟ್‌ವರ್ಕಿನಲ್ಲಿ ಇನ್ನೊಂದು ಕಂಪ್ಯೂಟರ್ ಬಳಸ್ತಾ ಇದೆ ಅಂತಿದೆ ಕಣ್ರೀ" ಎಂದಳು. ನಂತರ ನನ್ನ ಮುಖ ನೋಡಿ, "ನೀವೇನಾದ್ರೂ ಮುಟ್ಟಿದ್ರಾ?"

"ನಾನಾ? ಛೆ!"

ನೆಟ್‌ವರ್ಕು ಎಂದರೆ ಇಡೀ ಪ್ರಪಂಚ ಎಂದೇ ನಾನು ತಿಳಿದಿದ್ದೆ. ಅಂದಮೇಲೆ ಕಳ್ಳ ಎಲ್ಲೋ ಹೊರಗಿದ್ದಾನೆ. ತಮ್ಮ ಕಣ್ಣು ಮುಚ್ಚಿದ್ದೇ ತಡ, ಅವನ ನಂಬರಿಗೆ ಯಾರೋ ಕೈ ಹಾಕಿದ್ದಾರೆ! ಬಂದ ಗಿರಾಕಿಗಳು ಎದ್ದು ಹೋಗುತ್ತಿದ್ದರು. ಫಲಿತಾಂಶ ಹತ್ತಿರವಾಗುತ್ತಿತ್ತು. "ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತಿ ಬರ್ತೀನಿ ಅಂತ ಹರಕೆ ಹೊತ್ಕೊಳ್ಳಿ" ಎಂದಳು ಸರೋಜ. ನನ್ನ ಮಂಡಿನೋವು ಅವಳಿಗೆ ಗೊತ್ತಿದ್ದೇ ಹೇಳಿದ್ದು.

ಅದೇ ವಾರ ಮಾದಿಹಳ್ಳಿಯ ಅವಳ ತವರಿನಲ್ಲಿ ನಾಮಕರಣ. ಊಟವಾದ ಮೇಲೆ ಭಾವಮೈದುನ ಪುಟ್ಟಸ್ವಾಮಿಯ ಬೈಕಿನಲ್ಲಿ ಹತ್ತಿರದ ಹಳೇಬೀಡಿಗೆ ಸುತ್ತಾಡಲು ಹೋದೆ. ಅಲ್ಲೊಂದು ಬ್ರೌಸಿಂಗ್ ಸೆಂಟರ್ ಇತ್ತು. ಸಹೋದ್ಯಮಿಯ ಗತ್ತಿನಲ್ಲಿ ಒಳಗೆ ಕಾಲಿಟ್ಟವನಿಗೆ ಮೊದಲು ಕಂಡದ್ದು ಕಂಪ್ಯೂಟರಿನ ಹಣೆಯ ಮೇಲಿನ ಚೀಟಿ.

192.168.1.2.

ನನ್ನ ರಕ್ತ ತಲೆಗೇರಿತು. ಹೊರಗೆ ಬಂದು ಪುಟ್ಟಸ್ವಾಮಿಯ ಕಿವಿಯಲ್ಲಿ ಹೇಳಿದೆ. ಅವನು ಹಾಲಿನ ಡೈರಿಯ ಕಾರ್ಯದರ್ಶಿ. ಅಲ್ಲಿ ಪ್ರತಿ ಸದಸ್ಯನಿಗೂ ಒಂದು ನಂಬರು. ಆ ನಂಬರೇ ಅವನ ಮಾನ.

"ಒಬ್ಬರ ನಂಬರಿಗೆ ಇನ್ನೊಬ್ರು ಕೈ ಹಾಕೋದಾ? ನಮ್ ಡೈರೀಲಿ ಆಗಿದ್ರೆ ಸಭೆ ಕರೀತಿದ್ವಿ. ನಡೀರಿ ಭಾವ, ಕೇಳೇಬಿಡಣ!" ಎಂದು ಪಂಚೆ ಎತ್ತಿ ಕಟ್ಟಿದ.

ಅಂಗಡಿಯ ಒಡತಿ ಲತಾ ಎಂಬ ಹೆಣ್ಣುಮಗಳು. ಕೂತಿದ್ದ ಗಿರಾಕಿಗಳೆಲ್ಲ ನಮ್ಮ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು ನ್ಯಾಯಾಲಯದ ಧಾಟಿಯಲ್ಲಿ ಆರಂಭಿಸಿದೆ. "ನೋಡಮ್ಮ, ನೂರ ತೊಂಬತ್ತೆರಡು ಚುಕ್ಕಿ ನೂರ ಅರವತ್ತೆಂಟು ಚುಕ್ಕಿ ಒಂದು ಚುಕ್ಕಿ ಎರಡು. ಇದು ತೀರಿಹೋದ ನನ್ನ ತಮ್ಮನದು. ಅವನೇ ಕೈಯಾರೆ ಬರೆದು ಅಂಟಿಸಿದ್ದು."

"ಗಲಾಟೆ ಬ್ಯಾಡ. ನಂಬರ್ ಬಿಟ್ಕೊಟ್ಬುಡಮ್ಮ" ಎಂದ ಪುಟ್ಟಸ್ವಾಮಿ.

ಆಕೆ ರಸ್ತೆಯ ಆಚೆ ಕೈ ತೋರಿಸಿದಳು. "ಎದುರುಗಡೆ ಫೋಟೋ ಸ್ಟುಡಿಯೋ ಐತಲ್ಲ, ಅಲ್ಲೂ ಅದೇ ನಂಬರ್ ಐತೆ. ನೋಡ್ಕಂಡು ಬನ್ನಿ."

ಹೋಗಿ ನೋಡಿದೆವು. ಇತ್ತು!

"ಭಾವ," ಪುಟ್ಟಸ್ವಾಮಿ ದನಿ ತಗ್ಗಿಸಿದ. "ಇದು ಒಬ್ರ ಕೆಲ್ಸ ಅಲ್ಲ. ಗ್ಯಾಂಗೇ ಐತೆ!"

ಗ್ಯಾಂಗನ್ನು ಎದುರಿಸಲು ವಾಪಸು ಬಂದಾಗ ಲತಾ ಎರಡು ಸ್ಟೂಲು ಹಾಕಿಟ್ಟಿದ್ದಳು.

"ನಿಮ್ಮನೇಲಿ ನಡುಮನೆ ಐತಾ ಅಣ್ಣ?"

"ಇದೆ."

"ನಮ್ಮನೇಲೂ ಐತೆ. ನಿಮ್ಮ ನಡುಮನೆ ನಾನು ಕದ್ದಿದೀನಾ?"

ಒಬ್ಬ ಗಿರಾಕಿ ಕಿಸಕ್ಕನೆ ನಕ್ಕ.

"ಈ ನಂಬರೂ ಹಂಗೇ. ಮನೆ ಒಳಗೆ ಬಳಸ್ಕೊಳ್ಳಿ ಅಂತಲೇ ಬಿಟ್ಟಿರೋದು. ಯಾರು ಬೇಕಾದ್ರೂ ಹಾಕ್ಕೋಬಹುದು, ಯಾರನ್ನೂ ಕೇಳೋ ಹಂಗಿಲ್ಲ. ಆದ್ರೆ ಅದು ಹೊಸ್ತಿಲು ದಾಟಲ್ಲ. ಕಾಗದದ ಮೇಲೆ ಬರೀ 'ನಡುಮನೆ' ಅಂತ ಬರೆದು ಪೋಸ್ಟ್ ಡಬ್ಬಕ್ಕೆ ಹಾಕಿದ್ರೆ ಪೋಸ್ಟ್‌ಮ್ಯಾನ್ ಯಾರ ಮನೆಗೆ ತರ್ತಾನೆ? ಹೊರಗಿನವರಿಗೆ ಕಾಣೋ ನಂಬರೇ ಬೇರೆ. ಅದನ್ನ ಇಂಟರ್ನೆಟ್ ಕೊಟ್ಟೋರು ಕೊಡ್ತಾರೆ, ಮನೆ ಬಾಗಿಲ ನಂಬರ್ ಇದ್ದಂಗೆ. ಅದು ಮಾತ್ರ ಇಬ್ಬರಿಗೆ ಇರಲ್ಲ."

"ಹಂಗಾದ್ರೆ ನಮ್ಮಲ್ಲಿ ಯಾರೋ ಬಳಸ್ತಿದ್ದಾರೆ ಅಂತ ತೋರಿಸ್ತಿರೋದು?"

"ಒಂದೇ ಮನೇಲಿ ಎರಡು ನಡುಮನೆ ಇರಲ್ಲ ಅಣ್ಣ. ನಿಮ್ಮ ಅಂಗಡಿ ಒಳಗೇ ಎರಡಕ್ಕೆ ಒಂದೇ ನಂಬರ್ ಯಾರಾದ್ರೂ ಹಾಕಿದಾರಾ?"

ಪುಟ್ಟಸ್ವಾಮಿ ನನ್ನನ್ನು ನೋಡಿದ. ಗಿರಾಕಿಗಳೂ ನೋಡಿದರು. ನಾನು ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು.

"ಕಳ್ಳ ಸಿಕ್ಕಿದ ಬಿಡಮ್ಮ" ಎಂದು ಪುಟ್ಟಸ್ವಾಮಿ ಪಂಚೆ ಇಳಿಸಿದ.

ಆದರೆ ಒಂದು ಮಾತು ಹೇಳಬೇಕು. ಅವಮಾನವಾಗಬೇಕಾದ ಆ ಜಾಗದಲ್ಲಿ ನನಗೆ ಎದೆ ಹಗುರಾಯಿತು. ತಮ್ಮ ಹೋದಮೇಲೆ ಅವನದೆಲ್ಲವನ್ನೂ ಯಾರೋ ಒಂದೊಂದಾಗಿ ಕಿತ್ತುಕೊಳ್ಳುತ್ತಿದ್ದಾರೆ ಎಂದು ಒಳಗೊಳಗೇ ಉರಿಯುತ್ತಿದ್ದೆ. ಇಲ್ಲಿ ನೋಡಿದರೆ ಯಾರೂ ಏನನ್ನೂ ಮುಟ್ಟಿರಲಿಲ್ಲ. ಅವನು ಕೊಟ್ಟ ನಂಬರು ಹಳೇಬೀಡಿನಲ್ಲೂ ಇರಬಹುದು, ಬೇಲೂರಿನಲ್ಲೂ ಇರಬಹುದು, ನನ್ನಲ್ಲೂ ಇರಬಹುದು. ಯಾರಿಗೂ ಕಡಿಮೆಯಾಗುವುದಿಲ್ಲ.

ಲತಾ ಟೀ ತರಿಸಿದಳು. ಕಳ್ಳತನದ ದೂರು ತಂದವರಿಗೆ ಟೀ! ಕುಡಿಯುತ್ತಾ ಐದನೆಯದರ ಕಥೆಯನ್ನೆಲ್ಲ ಒಪ್ಪಿಸಿದೆ. ಬೈಕ್ ಹತ್ತುವಾಗ ಕೂಗಿ ಹೇಳಿದಳು: "ಐದಕ್ಕೆ ಐದನ್ನೇ ಹಾಕಿ ಅಣ್ಣ! ಅದರ ವೈರು ಸಡಿಲ ಆಗೈತಾ ಅದನ್ನೂ ನೋಡಿ!"

ಅರಸೀಕೆರೆಗೆ ಬಂದು ನೋಡಿದರೆ ವೈರು ಸಡಿಲವಾಗಿತ್ತು; ಒಮ್ಮೆ ತಾಗುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಬಹುಶಃ ಬನಿಯನ್ನಿನಿಂದ ಒರೆಸುವಾಗ ನಾನೇ ಎಳೆದಿದ್ದೆ. ಸಿಕ್ಕಿಸಿದೆ. ಐದಕ್ಕೆ ಐದನ್ನು ಹಾಕಿದೆ. ಎರಡೂ ಕಂಪ್ಯೂಟರುಗಳು ರಾಜಿಯಾದವು. ಫಲಿತಾಂಶದ ದಿನ ರಸ್ತೆಯವರೆಗೆ ಸಾಲು ನಿಂತಿತು. ಸರೋಜ ಒಂದು ಕಡೆ ರಿಜಿಸ್ಟರ್ ನಂಬರು ಒತ್ತುತ್ತಿದ್ದಳು, ನಾನು ಇನ್ನೊಂದು ಕಡೆ. ಪಾಸಾದ ಹುಡುಗಿಯೊಬ್ಬಳು ಸಂತೋಷದಲ್ಲಿ ನನ್ನ ಕಾಲಿಗೇ ಬಿದ್ದಳು. ಆ ಪಾಸಿಗೂ ನನಗೂ ಯಾವ ಸಂಬಂಧವೂ ಇಲ್ಲ ಎಂದು ಹೇಳುವ ಪ್ರಾಮಾಣಿಕತೆ ಆಗ ನನಗಿರಲಿಲ್ಲ. ಸಂಜೆ ಕಟ್ಟಡದ ಮಾಲೀಕರು ಬಂದು ನೋಡಿ, ಬಟ್ಟೆ ಅಂಗಡಿಯ ಮಾತೆತ್ತದೆ ಹೋದರು. ಅಂಗಡಿ ಉಳಿಯಿತು.

ಈಗ ಯಾರಾದರೂ ಕೇಳಿದರೆ ನಡುಮನೆ, ಹೊಸ್ತಿಲು, ಪೋಸ್ಟ್‌ಮ್ಯಾನ್ ಎಂದು ನಾನೇ ಗಂಭೀರವಾಗಿ ವಿವರಿಸುತ್ತೇನೆ. ಕೇಳಿದವರು ನನ್ನನ್ನು ಬಹಳ ತಿಳಿದವನೆಂದು ನಂಬುತ್ತಾರೆ. ಕೆಲವರು ಸಾರ್ ಎನ್ನುತ್ತಾರೆ. ಪಕ್ಕದಲ್ಲೇ ನಿಂತು, ಅಣ್ಣನಿಗೆ ಏನೂ ಗೊತ್ತಿಲ್ಲ ಎಂದು ಗೊತ್ತಿದ್ದೂ ಬಿಟ್ಟುಕೊಡದೆ ನಗುವವನು ಒಬ್ಬ ಬೇಕಿತ್ತು. ಅವನು ಇಲ್ಲ.