ಅವ್ವನಿಗೆ ನಾನು ಕೊಟ್ಟ ವಿಶ್ರಾಂತಿ

ಯುದ್ಧದ ಕಾಲದ ಆ ದಿನಗಳಲ್ಲಿ, ಮುದುಕರನ್ನು ಹೇಗೆ ನೋಡಿಕೊಳ್ಳಬೇಕೆಂದು ವಿಜಾಪುರದ ಸಿದ್ಧೇಶ್ವರ ಗುಡಿಯ ಸುತ್ತಿನ ಓಣಿಗಳಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಹಾಗೆಂದು ನಾನು ನಂಬಿದ್ದೆ. ನನಗೆ ನಲವತ್ತೆರಡು ವರ್ಷ. ವಕೀಲರೊಬ್ಬರ ಹತ್ತಿರ ಗುಮಾಸ್ತ. ಅವ್ವನಿಗೆ ಎಪ್ಪತ್ತು ದಾಟಿತ್ತು. ದಿನಾ ನಸುಕಿನಲ್ಲೇ ಎದ್ದು, ಬೀಸುಕಲ್ಲಿನ ಮುಂದೆ ಒಂದು ಕಾಲು ಚಾಚಿ ಕೂತು, ಹಾಡು ಹೇಳುತ್ತ ಜೋಳ ಬೀಸುತ್ತಿದ್ದಳು. ಬಿಜ್ಜರಗಿಯ ತವರಿಗೆ ಹೊರಟರೆ ದಾರಿಯ ತಿಕೋಟಾದವರೆಗೆ ಹನ್ನೆರಡು ಮೈಲಿ ನಡೆದೇ ಬಿಡುವಳು!

ನನ್ನ ಕರುಳು ಚುರ್ ಎಂದಿತು. ಊರಿಗೆ ಹಿಟ್ಟಿನ ಗಿರಣಿ ಬಂದಿರುವಾಗ ಗುಮಾಸ್ತನ ತಾಯಿ ಕಲ್ಲು ತಿರುಗಿಸುವುದೇ?

"ಅವ್ವಾ, ಇವತ್ತಿನಿಂದ ನಿನಗ ಪೂರ್ಣ ವಿಶ್ರಾಂತಿ" ಎಂದು ಘೋಷಿಸಿದೆ.

"ಅಂದ್ರ ಏನೋ ಯಪ್ಪಾ?"

"ಕೂಡೂದು. ಸುಮ್ನ ಕೂಡೂದು."

"ಕುಂತು ಉಂಡ್ರ ಕುಡಿಕಿ ಹೊನ್ನೂ ಸಾಲೂದಿಲ್ಲಂತ. ಇನ್ನ ಈ ಕೈಕಾಲು ಎಷ್ಟ ದಿನಾ ಬರ್ತಾವ?"

ನಾನು ಮಾತಿಗೆ ಬಗ್ಗುವ ಆಸಾಮಿಯಲ್ಲ. ಬೀಸುಕಲ್ಲಿನ ಗೂಟ ಕಿತ್ತು ಬಚ್ಚಲ ಒಲೆಗೆ ಹಾಕಿದೆ. ನೀರು ಕಾಯ್ದವು. ಸ್ನಾನವೂ ಚೆನ್ನಾಗಿಯೇ ಆಯಿತು.

ಮೊದಲ ವಾರ ಓಣಿಯೆಲ್ಲ ನನ್ನನ್ನು ಹೊಗಳಿತು. ಎರಡನೆಯ ವಾರ ಅವ್ವ ಅರ್ಧ ರೊಟ್ಟಿಗೇ ಕೈ ತೊಳೆದಳು. ಮೂರನೆಯ ವಾರ ಮೊಳಕಾಲು ಹಿಡಿದುಕೊಂಡವು. ತಿಂಗಳು ತುಂಬುವಷ್ಟರಲ್ಲಿ ಎದ್ದು ನಿಲ್ಲಲು ನನ್ನ ಹೆಂಡತಿ ಶಾಂತವ್ವನ ಆಸರೆ ಬೇಕಾಯಿತು. ಒಂದು ಮುಂಜಾನೆ ಅವ್ವ, "ಯಪ್ಪಾ, ನಾ ಇನ್ನ ಏಳೂದಿಲ್ಲ ಕಾಣಸ್ತದ" ಎಂದಳು. ಅವಳ ಬಾಯಲ್ಲಿ ಅಂಥ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೆದರಿಬಿಟ್ಟೆ.

ಪಕ್ಕದ ಮನೆಯ ಹಕೀಮಸಾಹೇಬರನ್ನು ಕರೆತಂದೆ. ಅವರು ಅವ್ವನ ನಾಡಿ ನೋಡಿದರು, ಗಿರಣಿ ಹಿಟ್ಟಿನ ಚೀಲ ನೋಡಿದರು, ಗೂಟವಿಲ್ಲದ ಕಲ್ಲು ನೋಡಿದರು. ಕೊನೆಗೆ ನನ್ನನ್ನು ನೋಡಿದರು.

"ಬ್ಯಾನಿ ಅವ್ವಾರಿಗಿಲ್ರಿ, ನಿಮಗೈತಿ! ಅರವತ್ತು ವರ್ಷ ಬೀಸಿದ ಕೈ ಒಮ್ಮಿಂದೊಮ್ಮೆಲೆ ನಿಲ್ಲಿಸಿದ್ರ ಹೆಂಗ್ರಿ? ದಿನಾ ಸ್ವಲ್ಪ ಸ್ವಲ್ಪ ಬೀಸಲಿ, ತಾನಾ ಏಳ್ತಾರ."

ಅಂದೇ ಜಾಲಿ ಕಟ್ಟಿಗೆ ಕೆತ್ತಿ ಹೊಸ ಗೂಟ ಮಾಡಿದೆ. ತುಸು ದಪ್ಪವಾಯಿತು.

"ಬಡಿಗ್ಯಾರನ್ನ ಕರೀರಿ" ಎಂದಳು ಶಾಂತವ್ವ.

"ಇಷ್ಟಕ್ಕ ಬಡಿಗ್ಯಾರು ಯಾಕ?" ಎಂದು ಸುತ್ತಿಗೆಯಿಂದ ಮೂರು ಏಟು ಹಾಕಿದೆ. ಗೂಟ ಗಟ್ಟಿಯಾಗಿ ಕೂತಿತು. ಕಲ್ಲು ಎರಡು ಹೋಳಾಯಿತು!

ಅದು ಅವ್ವನಿಗೆ ತವರಿನವರು ಕೊಟ್ಟ ಕಲ್ಲು. "ಹೋಗ್ಲಿ ಬಿಡು" ಎಂದಳಷ್ಟೆ. ನಾಲ್ಕು ಬೈದಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು.

ಮರುದಿನ ತಿಕೋಟಾಕ್ಕೆ ಹೋಗಿ ಹೊಸ ಕಲ್ಲು ಕೊಂಡು ಚಕ್ಕಡಿ ಗಾಡಿಯಲ್ಲಿ ತಂದೆ. ಶಾಂತವ್ವ ನೀರಿಗೆ ಹೋಗಿದ್ದಳು, ಅವ್ವನಿಗೆ ಜೋಂಪು ಹತ್ತಿತ್ತು. ಇಬ್ಬರೂ ಬೆರಗಾಗಲಿ ಎಂದು ನಾನೇ ಒಂದು ಸೇರು ಜೋಳ ಬೀಸಿ, ಗಿರಣಿ ಹಿಟ್ಟಿನ ಚೀಲಕ್ಕೆ ಸುರಿದು ಚೆನ್ನಾಗಿ ಬೆರೆಸಿಟ್ಟೆ. ಹಕೀಮಸಾಹೇಬರನ್ನೂ ಊಟಕ್ಕೆ ಕರೆದೆ. ಏನೂ ತಿಳಿಯದ ಶಾಂತವ್ವ ಅದೇ ಹಿಟ್ಟಿನಿಂದ ರೊಟ್ಟಿ ಬಡಿದು ಬಡಿಸಿದಳು.

ಮೊದಲ ತುತ್ತು. ಕರ್ರ್!

"ಯಾ ಅಲ್ಲಾ!" ಹಕೀಮಸಾಹೇಬರು ದವಡೆ ಹಿಡಿದುಕೊಂಡರು. "ನಾ ರೊಟ್ಟಿ ತಿನ್ನಾಕತ್ತೀನೋ, ಗೋಳಗುಮ್ಮಟದ ಗ್ವಾಡಿ ಕಡ್ಯಾಕತ್ತೀನೋ?"

ನಾನು ಹೆಮ್ಮೆಯಿಂದ ಮಾಡಿದ ಕೆಲಸವನ್ನು ನಾಚಿಕೆಯಿಂದ ಒಪ್ಪಿಕೊಂಡೆ. ಅವ್ವ ಚೂರು ಹಿಟ್ಟು ತರಿಸಿ ಬೆರಳಲ್ಲಿ ತಿಕ್ಕಿ ನೋಡಿದಳು.

"ಹುಚ್ಚಪ್ಪಾ! ಹೊಸಾ ಕಲ್ಲಿಗಿ ಮೊದಲ ತೌಡು ಹಾಕಿ ಬೀಸಿ ಚೆಲ್ಲಬೇಕೋ. ನೀ ನಮಗ ಕಲ್ಲಾ ಬೀಸಿ ಉಣಿಸಾಕತ್ತಿ!"

ಅಂದವಳೇ ನಕ್ಕಳು. ಒಂದು ತಿಂಗಳ ಮೇಲೆ ಮೊದಲ ಸಲ ನಕ್ಕಳು! ರೇಶನ್ನಿನ ಜೋಳದ ಹಿಟ್ಟಿನ ಚೀಲ ಪೂರಾ ಹಾಳಾಗಿದ್ದಕ್ಕೆ ಶಾಂತವ್ವ ನನ್ನನ್ನು ನುಂಗುವಂತೆ ನೋಡುತ್ತಿದ್ದಳು. ನನಗೆ ಮಾತ್ರ ಜೀವ ಬಂದಂತಾಯಿತು.

"ನಿನ್ನ ಕೈಯಾಗ ಬಿಟ್ರ ಮನಿ ಮಂದಿಗೆಲ್ಲಾ ಹಲ್ಲ ಉಳಿಯೂದಿಲ್ಲ" ಎನ್ನುತ್ತ, ಶಾಂತವ್ವನ ಹೆಗಲು ಹಿಡಿದು ಅವ್ವ ಕಲ್ಲಿನ ಹತ್ತಿರ ಬಂದು ಕೂತಳು. ತೌಡು ಹಾಕಿ ಹತ್ತು ಸುತ್ತು ತಿರುಗಿಸುವಷ್ಟರಲ್ಲಿ ಏದುಸಿರು ಬಂತು. ಮರುದಿನ ಇಪ್ಪತ್ತು ಸುತ್ತು. ನೋವಾದರೆ ಹಲ್ಲು ಕಚ್ಚುವಳು, ಆದರೆ ಬಿಡುವವಳಲ್ಲ. ನಾನು ಎದುರಿಗೆ ಕೂತು, ಅವಳು ಹಿಡಿದ ಗೂಟವನ್ನೇ ಹಿಡಿದು 'ಸಹಾಯ' ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಅವಳು ಕಲ್ಲಿನ ಜೊತೆ ನನ್ನನ್ನೂ ಎಳೆಯುತ್ತಿದ್ದಳು. ಅರ್ಧ ರೊಟ್ಟಿ ಒಂದಾಯಿತು, ಒಂದು ಎರಡಾಯಿತು. ಒಂದು ದಿನ ಹಾಡೂ ಬಂತು. ಎಪ್ಪತ್ತು ದಾಟಿದ ಮೇಲೆ, ಕಳೆದುಹೋದ ಬಲವನ್ನು ಹಿಡಿಹಿಡಿಯಾಗಿ ಮತ್ತೆ ಗಳಿಸುತ್ತಿದ್ದ ಆ ಜೀವವನ್ನು ನೋಡಿ ನನಗೆ ಕೈ ಮುಗಿಯಬೇಕೆನಿಸುತ್ತಿತ್ತು. ಗೂಟ ಬಿಟ್ಟರೆ ಬೈಯುತ್ತಾಳೆಂದು ಮುಗಿಯಲಿಲ್ಲ.

ಎರಡು ತಿಂಗಳಾಗಿರಬೇಕು. ಬೀಸುವುದು ಮುಗಿದಿತ್ತು. ಎಬ್ಬಿಸಲು ಬಂದ ಶಾಂತವ್ವನಿಗೆ "ತಡಿಯವಾ" ಎಂದು, ಅವ್ವ ಅಂಗೈ ನೆಲಕ್ಕೂರಿ ಎದ್ದು ನಿಂತಳು. ತಾನೇ! ಯಾರ ಆಸರೆಯೂ ಇಲ್ಲದೆ! ನನ್ನ ಕಣ್ಣು ತುಂಬಿ ಬಂದವು. "ಅವ್ವಾ!" ಎನ್ನುತ್ತ ಕಾಲಿಗೆ ಬೀಳಬೇಕೆಂದು ಧಡಕ್ಕನೆ ಎದ್ದೆ.

ಏಳಲಿಲ್ಲ. ಸೊಂಟ ಚಳಕ್ ಎಂದು ಅರ್ಧಕ್ಕೇ ಹಿಡಿದುಕೊಂಡಿತು.

ಅವ್ವ ನನ್ನ ಒಂದು ರಟ್ಟೆಗೆ ಕೈ ಹಾಕಿ ಸೊಸೆಯನ್ನು ಕೂಗಿದಳು. "ಶಾಂತವ್ವಾ, ಆ ಕಡಿ ನೀ ಹಿಡಿ. ಸಾವಕಾಶ ಎಬ್ಬಸೂಣು. ಪಾಪ, ನಲವತ್ತೆರಡು ಆಗ್ಯಾವ ಅವಗ, ಸಣ್ಣ ವಯಸ್ಸೇನವಾ?"