ಗಡಿಯಾರ ತಿರುಗಿಸುವ ದೊಡ್ಡಪ್ಪ

ನಮ್ಮ ದೊಡ್ಡಪ್ಪನನ್ನು ಮನೆಗೆ ಕರೆಯುವ ಯೋಚನೆ ಇದ್ದರೆ ಮೊದಲು ಗೋಡೆ ಗಡಿಯಾರ ಇಳಿಸಿ ಬೀರುವಿನಲ್ಲಿಡಿ. ಅವರು ಕಳ್ಳರಲ್ಲ. ಕಳ್ಳರಾಗಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಇವರು ಒಳಗೆ ಬಂದು ಚಪ್ಪಲಿ ಬಿಟ್ಟು, ಸ್ಟೂಲ್ ಎಳೆದು, ನಿಮ್ಮದೇ ಗಡಿಯಾರದ ಮುಖವನ್ನು ಗೋಡೆ ಕಡೆಗೆ ತಿರುಗಿಸಿ, ಆಮೇಲೆ ಕೂತು ಚೆನ್ನಾಗಿದ್ದೀರಾ ಅಂತ ಕೇಳುತ್ತಾರೆ!

ಹುಚ್ಚು ಅಂದುಕೊಂಡಿರಾ? ಅಲ್ಲ, ಸೇವೆ. ಪುಲಿಕೇಶಿನಗರದ ನಮ್ಮ ಚರ್ಚಿನ ಸಭೆಯಲ್ಲಿ ಕಷ್ಟದಲ್ಲಿರುವವರ ಮಾತು ಕೇಳುವುದಕ್ಕೆ ಅಂತಲೇ ಒಂದು ವಿಭಾಗ ಇದೆ. ಬೋರ್ಡಿನಲ್ಲಿ ‘ಪಾಲನೆ ಮತ್ತು ಆಪ್ತ ಸಮಾಲೋಚನೆ’ ಅಂತ ಬರೆದಿದೆ. ಅದನ್ನು ನಡೆಸುವವರು ದೊಡ್ಡಪ್ಪ. ರಿಟೈರ್ ಆಗುವವರೆಗೂ ಕಾರ್ಖಾನೆಯ ಸೈರನ್‌ಗೆ ಎದ್ದು, ಸೈರನ್‌ಗೆ ಉಂಡು, ಸೈರನ್‌ಗೆ ಮನೆಗೆ ಬಂದವರು. ಗಡಿಯಾರದ ಮೇಲೆ ಸೇಡು ಅಲ್ಲಿಂದಲೇ ಶುರುವಾಗಿರಬೇಕು. ಅವರ ಲೆಕ್ಕ ಬೇರೆ: ದುಃಖದಲ್ಲಿರುವವರ ಕಣ್ಣಿಗೆ ಗಡಿಯಾರ ಬಿದ್ದರೆ ಮಾತನ್ನು ಅರ್ಧಕ್ಕೇ ನುಂಗಿಕೊಂಡು ಎದ್ದುಬಿಡುತ್ತಾರಂತೆ.

ಊರಿನವರದೆಲ್ಲ ಕೇಳುತ್ತಾರೆ, ಮನೆಯವರದು ಕೇಳುವುದಿಲ್ಲ. ದೊಡ್ಡಮ್ಮ ಒಂದು ಸಲ ಅನ್ನ ಬಡಿಸುತ್ತಾ, “ನನ್ ಮಾತ್ ಕೇಳ್ಬೇಕಾದ್ರೆ ನಾನೂ ಚರ್ಚಿಗೆ ಬಂದು ಟೋಕನ್ ತಗೋಬೇಕೇನ್ರೀ?” ಅಂದರು. ದೊಡ್ಡಪ್ಪನಿಗೆ ಅದೂ ಕೇಳಿಸಲಿಲ್ಲ.

ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಜೋಗುಪಾಳ್ಯದಲ್ಲಿ ನನ್ನದೊಂದು ಟೂ ವೀಲರ್ ಗ್ಯಾರೇಜು. ಹಾಗಾಗಿ ವರ್ಷವಿಡೀ ನಾನೇ ಡ್ರೈವರ್. ಮದುವೆ ಸೀಸನ್ನಿಗೆ ಮುಂಚೆ ಮದುವೆಯಾಗುವ ಜೋಡಿಗಳಿಗೆ ಕ್ಲಾಸು. ಮಳೆಗಾಲದಲ್ಲಿ ಆಸ್ಪತ್ರೆ. ಕ್ರಿಸ್‌ಮಸ್ಸಿಗೆ ಮುಂಚೆ, ಆ ವರ್ಷ ಸಾವಾದ ಮನೆಗಳಿಗೆ ಒಂದೊಂದಾಗಿ ಭೇಟಿ. ಪರೀಕ್ಷೆ ರಿಸಲ್ಟ್ ಬಂದ ವಾರ ಅಳುವ ಅಪ್ಪ ಅಮ್ಮಂದಿರು. ಆ ವಾರ ಮಾತ್ರ ನನಗೆ ಡ್ರೈವರ್ ಕೆಲಸದ ಜೊತೆ ಇನ್ನೊಂದು ಕೆಲಸ. ನನ್ನನ್ನು ಹಾಲ್‌ನ ಮಧ್ಯೆ ನಿಲ್ಲಿಸಿ, “ಇವ್ನೂ ಟೆಂತ್ ಫೇಲು. ನೋಡಿ, ಬದುಕಿದಾನೆ” ಅನ್ನುತ್ತಾರೆ. ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಸಮಾಧಾನ ಆದವರಿಗಿಂತ ಗಾಬರಿ ಆದವರೇ ಹೆಚ್ಚು.

ಹೊಸ ಸ್ವಯಂಸೇವಕರ ತರಬೇತಿಗೂ ನನ್ನನ್ನು ಕೂರಿಸಿದ್ದರು. ಇಬ್ಬಿಬ್ಬರು ಎದುರುಬದುರು ಕೂರಬೇಕು. ಒಬ್ಬರು ಕಷ್ಟ ಹೇಳಬೇಕು, ಇನ್ನೊಬ್ಬರು “ಆಮೇಲೆ?” ಅಂತ ಮಾತ್ರ ಕೇಳಬೇಕು. ನನ್ನೆದುರು ಒಬ್ಬರು ರಿಟೈರ್ಡ್ ಟೀಚರ್. ಸೊಸೆ ಕಥೆ ತೆಗೆದರು. ಸಾಂಬಾರಿನಿಂದ ಶುರುವಾಗಿ ವಾಷಿಂಗ್ ಮೆಷಿನ್‌ಗೆ ಬರುವಷ್ಟರಲ್ಲಿ ನನ್ನ ತಲೆ ಕೆಟ್ಟಿತು. ಬೇರೆ ಮನೆ ಮಾಡಿಬಿಡಿ ಟೀಚರ್ ಅಂದುಬಿಟ್ಟೆ. ದೊಡ್ಡಪ್ಪ ಎಲ್ಲರೆದುರು ನನ್ನ ಭುಜ ಹಿಡಿದರು.

“ರಿಪೇರಿ ಮಾಡ್ಬೇಡ್ವೋ. ಅವ್ರೇನು ಗಾಡಿನಾ? ಸುಮ್ನೆ ಕೇಳು.”

ಆಸ್ಪತ್ರೆಯ ವಾರ್ಡಿನಲ್ಲೂ ಗಡಿಯಾರ ತಿರುಗಿಸಿದ್ದರು. ಔಷಧಿ ಕೊಡುವ ಹೊತ್ತಾಯಿತೇ ಅಂತ ನೋಡಲು ಬಂದ ನರ್ಸ್‌ಗೆ ಗಡಿಯಾರದ ಬೆನ್ನು ಕಾಣಿಸಿತು. ಯಾರ ಕೆಲಸ ಇದು ಅಂತ ಅವರು ವಾರ್ಡೆಲ್ಲ ನಡುಗುವ ಹಾಗೆ ಕೇಳಿದಾಗ ದೊಡ್ಡಪ್ಪ ಸ್ಕೂಲ್ ಹುಡುಗನ ಹಾಗೆ ಕೈ ಎತ್ತಿದರು. ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು.

ನಾನು ನಕ್ಕ ಕೊನೆಯ ಸಲ ಅದು. ಮುಂದಿನ ಮಳೆಗಾಲ ಅದೇ ವಾರ್ಡಿನಲ್ಲಿ ನಮ್ಮಪ್ಪ ಮಲಗಿದ್ದರು.

ನಮ್ಮಪ್ಪ ಅಂದರೆ ಇವರ ಒಡಹುಟ್ಟಿದ ತಮ್ಮ. ದೊಡ್ಡಪ್ಪ ದಿನಾ ಬಂದರು. ಬಂದು ಎಲ್ಲಿ ಕೂತರು? ಪಕ್ಕದ ಮಂಚದ ಹತ್ತಿರ! ಅಲ್ಲಿದ್ದವರು ಶಿವಾಜಿನಗರದ ಗುಜರಿ ವ್ಯಾಪಾರಿ, ಒಬ್ಬರು ಸಾಹೇಬರು. ಅಪ್ಪನ ಕಾಲ ಹತ್ತಿರ ನಿಂತು ಊಟ ಆಯ್ತಾ ಅಂತ ಕೇಳಿ, ಉತ್ತರಕ್ಕೂ ಕಾಯದೆ ಆ ಕಡೆ ಹೋಗಿ ಸ್ಟೂಲ್ ಎಳೆದುಕೊಳ್ಳುತ್ತಿದ್ದರು. ಸಾಹೇಬರು ಹಳೇ ಲಾರಿ ಇಂಜಿನ್ನಿನ ಕಥೆ ಹೇಳುವುದು, ಇವರು “ಆಮೇಲೆ?” ಅನ್ನುವುದು. ವಿಸಿಟಿಂಗ್ ಟೈಮ್ ಮುಗಿದು ಸೆಕ್ಯೂರಿಟಿ ಎಬ್ಬಿಸುವ ತನಕ ಇದೇ. ಯಾವಾಗಲೂ ಗೋಡೆ ಕಡೆ ಮುಖ ಮಾಡಿ ಮಲಗುವ ಅಪ್ಪ ಆಗ ಮಾತ್ರ ಪಕ್ಕದ ಮಂಚದ ಕಡೆ ತಿರುಗಿ, ಕಣ್ಣು ಮುಚ್ಚದೆ ಮಲಗಿರುತ್ತಿದ್ದರು. ಗುಜರಿ ಕಥೆ ಕೇಳುತ್ತಿದ್ದಾರೆ ಅಂದುಕೊಂಡಿದ್ದೆ. ಅಣ್ಣ ಒಂದೇ ಒಂದು ಸಲ ತಮ್ಮನ ಪಕ್ಕ ಕೂರಲಿ ಅಂತ ಕಾದೆ. ಕೂರಲಿಲ್ಲ. ಅಪ್ಪ ಹೋದರು.

ಕ್ರಿಸ್‌ಮಸ್ ಹತ್ತಿರ ಬಂತು. ಸಾವಾದ ಮನೆಗಳ ಭೇಟಿ ಶುರುವಾಯಿತು. ಹಲಸೂರಿನ ಮನೆಗಳಿಗೆ ಹೋದರು, ಕೆ.ಆರ್. ಪುರಕ್ಕೂ ಹೋದರು. ನಾನೇ ಕರೆದುಕೊಂಡು ಹೋದೆ, ಹಲ್ಲು ಕಚ್ಚಿಕೊಂಡು. ನಮ್ಮ ಮನೆಗೆ ಬರಲಿಲ್ಲ. ಅಮ್ಮ ಪ್ರತಿ ಭಾನುವಾರ ಕುರ್ಚಿ ಒರೆಸಿಟ್ಟಳು. ಕೊನೆಗೆ, “ಇಡೀ ಬೆಂಗ್ಳೂರ್ ಸುತ್ತೋರಿಗೆ ನಮ್ಮನೆ ಅಡ್ರೆಸ್ ಯಾರಾದ್ರೂ ಕೊಡ್ರಪ್ಪಾ” ಅಂದು ಒರೆಸುವುದನ್ನೇ ನಿಲ್ಲಿಸಿದಳು.

ವರ್ಷದ ಕೊನೆಗೆ ಈ ಸೇವೆಯ ಕೃತಜ್ಞತಾ ಕೂಟ. ವೇದಿಕೆ ಮೇಲೆ ದೊಡ್ಡಪ್ಪನಿಗೆ ಶಾಲು. ಅನಾಥರ ಅಣ್ಣ, ರೋಗಿಗಳ ಅಣ್ಣ ಅಂತ ಒಬ್ಬರು ಮೈಕಿನಲ್ಲಿ ಹೊಗಳುತ್ತಲೇ ಇದ್ದರು. ಎಲ್ಲರಿಗೂ ಅಣ್ಣ! ನನಗೆ ತಡೆಯಲಾಗಲಿಲ್ಲ. ಬಿರಿಯಾನಿ ತಟ್ಟೆ ಅಲ್ಲೇ ಬಿಟ್ಟು ಗ್ಯಾರೇಜಿಗೆ ಬಂದು ಒಂದು ಕಾರ್ಬುರೇಟರ್ ಬಿಚ್ಚಿಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ಆಟೋದಲ್ಲಿ ದೊಡ್ಡಪ್ಪ ಬಂದರು. ಮೈಮೇಲೆ ಶಾಲು, ಕೈಯಲ್ಲಿ ಬಿರಿಯಾನಿ ಪಾರ್ಸಲ್. ನಾನು ತಲೆ ಎತ್ತಲಿಲ್ಲ.

“ಗುಜರಿ ಸಾಹೇಬ್ರ ಹತ್ರ ಕೂರಕ್ಕೆ ಟೈಮ್ ಇತ್ತು. ನಿಮ್ ತಮ್ಮನ ಹತ್ರ ಕೂರಕ್ಕೆ ಇರ್ಲಿಲ್ಲ ಅಲ್ವಾ ದೊಡ್ಡಪ್ಪ?”

ಅವರು ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತರು. ಪಾರ್ಸಲ್ ಮಡಿಲಲ್ಲೇ ಇತ್ತು.

“ಎಲ್ರಿಗೂ ಆಮೇಲೆ, ಆಮೇಲೆ ಅಂತೀನಿ. ನಿಮ್ಮಪ್ಪನ್ನ ಹೆಂಗೋ ಕೇಳ್ಲಿ? ಆಮೇಲೆ ಏನೂ ಇಲ್ಲ ಅಂತ ಡಾಕ್ಟ್ರು ನಂಗೆ ಮೊದ್ಲೇ ಹೇಳ್ಬಿಟ್ಟಿದ್ರು. ಹತ್ರ ಕೂತ್ರೆ ಅವ್ನ ಮುಂದೆ ಅತ್ಬಿಡ್ತಿದ್ದೆ. ಪಕ್ಕದ್ ಬೆಡ್ ಹತ್ರ ಕೂತ್ರೆ ಅವ್ನ ಮುಖ ಕಾಣ್ತಿತ್ತು. ಅಷ್ಟೇ.”

ಅಪ್ಪ ಯಾಕೆ ಪಕ್ಕದ ಮಂಚದ ಕಡೆ ತಿರುಗಿ ಮಲಗುತ್ತಿದ್ದರು ಅಂತ ಆಗ ಗೊತ್ತಾಯಿತು.

ದೊಡ್ಡಪ್ಪ ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಕಣ್ಣು ಗೋಡೆ ಮೇಲೆ ಹೋಯಿತು. ಆಯಿಲ್ ಕಂಪನಿಯವರು ಕೊಟ್ಟ ಗಡಿಯಾರ ಅಲ್ಲಿತ್ತು. ಮಾತು ನುಂಗಿಕೊಂಡರು.

“ಹೊತ್ತಾಯ್ತು. ನಿಂಗೆ ಕೆಲ್ಸ ಇದೆ. ಬರ್ತೀನಿ” ಅಂತ ಎದ್ದರು.

ನಾನು ಸ್ಪ್ಯಾನರ್ ಕೆಳಗಿಟ್ಟೆ. ಕೈ ಒರೆಸಿಕೊಂಡೆ. ಟೂಲ್ ಬಾಕ್ಸ್ ಮೇಲೆ ಹತ್ತಿ ಗಡಿಯಾರದ ಮುಖವನ್ನು ಗೋಡೆ ಕಡೆಗೆ ತಿರುಗಿಸಿದೆ. ಇಳಿದು ಬಂದು ಬೆಂಚಿನ ಮೇಲೆ ಕೂತು ಪಕ್ಕದಲ್ಲಿ ಅವರಿಗೆ ಜಾಗ ಮಾಡಿದೆ.

“ಕೂತ್ಕೊಳಿ ದೊಡ್ಡಪ್ಪ. ಆಮೇಲೆ?”